ಚಿಕ್ಕ ಮನೆ, ದೊಡ್ಡ ನಾಯಿಗಳು: ಸಾಕುವವನ ಧರ್ಮ

ಪ್ರಾಣಿಗಳಿಗೆ ಅನ್ನವಿಡುವುದನ್ನು ಪುಣ್ಯಕಾರ್ಯವೆಂದು ಭಾವಿಸುವ ಮನೆಗಳು ನಾಡಿನಲ್ಲಿ ಬಹಳ. ಹಸುವಿಗೆ ಹಿಡಿ ಹುಲ್ಲು, ಕಾಗೆಗೆ ತುತ್ತು ಅನ್ನ, ಬಾಗಿಲಿಗೆ ಬಂದ ನಾಯಿಗೆ ಮಿಕ್ಕ ರೊಟ್ಟಿ ಎಂಬುದು ಗೃಹಸ್ಥಧರ್ಮದ ಭಾಗವಾಗಿಯೇ ನಡೆದುಬಂದಿದೆ. ಆದರೆ ಬಾಗಿಲಿಗೆ ಬಂದುದಕ್ಕೆ ಅನ್ನವಿಡುವುದು ಒಂದು. ಅದನ್ನು ಬಾಗಿಲೊಳಗೆ ತಂದು, ಕದವಿಕ್ಕಿ, ಅದರ ಬಾಳಿನ ಹೊಣೆಯನ್ನು ಹೊರುವುದು ಇನ್ನೊಂದು. ಮೊದಲನೆಯದು ದಾನ, ಎರಡನೆಯದು ಪಾಲನೆ. ದಾನಕ್ಕೆ ಕೈ ಸಾಕು. ಪಾಲನೆಗೆ ಸ್ಥಳ ಬೇಕು, ಹೊತ್ತು ಬೇಕು, ವರ್ಷಗಟ್ಟಲೆ ಕುಂದದ ತಾಳ್ಮೆ ಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸಂಸಾರದ ವೆಚ್ಚಕ್ಕೆ ಅನ್ವಯಿಸಿ ಹೇಳುವುದುಂಟು. ನಾಯಿಸಾಕಣೆಯಲ್ಲಿ ಈ ಗಾದೆಗೆ ಒಂದು ವಿಪರೀತ ಗತಿ ಒದಗುತ್ತದೆ. ಇಲ್ಲಿ ಹಾಸಿಗೆ ಯಜಮಾನನದು, ಕಾಲು ನಾಯಿಯದು. ಹಾಸಿಗೆಯ ಅಳತೆಯನ್ನು ನೋಡದೆ ಯಜಮಾನನು ಆಸೆಯನ್ನು ಚಾಚಿದರೆ, ಕಾಲು ಮಡಿಚಿಕೊಂಡು ಬಾಳಬೇಕಾದುದು ಆತನಲ್ಲ, ಆ ಮೂಕಪ್ರಾಣಿ. ತನ್ನ ಅತ್ಯಾಶೆಯ ಫಲವನ್ನು ತಾನೇ ಉಣ್ಣುವವನದು ಅವಿವೇಕ ಮಾತ್ರ. ಅದನ್ನು ಇನ್ನೊಂದು ಜೀವಕ್ಕೆ ಉಣಿಸುವವನದು ಅಧರ್ಮ. ಆದುದರಿಂದ ಅಲ್ಪ ಸ್ಥಳವುಳ್ಳ ಮನೆಯಲ್ಲಿ ಹಲವು ದೊಡ್ಡ, ಚಟುವಟಿಕೆಯ ನಾಯಿಗಳನ್ನು ಇಟ್ಟುಕೊಳ್ಳಬಹುದೆ ಎಂಬುದು ಬರಿಯ ಅನುಕೂಲದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಂಥ ಊರುಗಳಲ್ಲಿ ಮಧ್ಯಮ ವರ್ಗದ ಸಂಸಾರಕ್ಕೆ ಪರಿಚಿತವಾದ ನಿವೇಶನವೆಂದರೆ 30 ಅಡಿಗೆ 40 ಅಡಿಯದು. ಅಂದರೆ 1200 ಚದರಡಿ. ಅದರ ಬಹುಭಾಗವನ್ನು ಕಟ್ಟಡವೇ ಆವರಿಸುತ್ತದೆ. ಮಿಕ್ಕದ್ದು ಗೋಡೆಗೂ ಕಾಂಪೌಂಡಿಗೂ ನಡುವಿನ ಇಕ್ಕಟ್ಟಾದ ಓಣಿ, ಮುಂದುಗಡೆ ವಾಹನ ನಿಲ್ಲಿಸುವಷ್ಟು ಜಾಗ, ಮೇಲೆ ತಾರಸಿ. ಇಂಥ ಮನೆಯಲ್ಲಿ ಮೂರು ದೊಡ್ಡ ನಾಯಿಗಳಿರುವುದು ಅಪರೂಪವೇನಲ್ಲ. ಅವು ಸೇರಿಕೊಂಡ ಬಗೆಯೂ ಸಾಮಾನ್ಯವಾದುದೇ. ಮಕ್ಕಳ ಹಟಕ್ಕೆ ಒಂದು ಮರಿ ಬರುತ್ತದೆ. ಅದಕ್ಕೆ ಜೊತೆಯಿಲ್ಲವೆಂದು ಮತ್ತೊಂದು ಬರುತ್ತದೆ. ವರ್ಗವಾಗಿ ಪರಸ್ಥಳಕ್ಕೆ ಹೊರಟ ಸ್ನೇಹಿತರು ತಮ್ಮ ನಾಯಿಯನ್ನು ಎಲ್ಲಿ ಬಿಡುವುದೆಂದು ಕಳವಳಪಟ್ಟಾಗ, ಇರುವ ಎರಡರ ಜೊತೆಗೆ ಇದೂ ಇರಲಿ ಎಂದು ಮೂರನೆಯದು ಬರುತ್ತದೆ. ಪ್ರತಿಯೊಂದು ಸಲವೂ ಪ್ರೇರಣೆ ಒಳ್ಳೆಯದೇ: ಒಮ್ಮೆ ವಾತ್ಸಲ್ಯ, ಒಮ್ಮೆ ಕರುಣೆ, ಒಮ್ಮೆ ಸ್ನೇಹ. ಬಿಡಿಬಿಡಿಯಾಗಿ ನೋಡಿದರೆ ಮೂರು ಸರಿಯಾದ ತೀರ್ಮಾನಗಳು ಕೂಡಿ ಒಂದು ತಪ್ಪಾಗಬಲ್ಲವೆಂಬುದೇ ಈ ವಿಷಯದ ತೊಡಕು. ಇಲ್ಲಿ ದುಷ್ಟರನ್ನು ಹುಡುಕಿದರೆ ಯಾರೂ ಸಿಕ್ಕುವುದಿಲ್ಲ. ಆದರೂ ಕಷ್ಟಪಡುವ ಜೀವ ಇದ್ದೇ ಇರುತ್ತದೆ.

ನಾಯಿಗೆ ಕೆಲಸವಿಲ್ಲ, ಕೂರಲು ಪುರಸೊತ್ತಿಲ್ಲ ಎಂದು ಜನ ಹಾಸ್ಯಮಾಡುತ್ತಾರೆ. ವಿಚಾರಿಸಿ ನೋಡಿದರೆ ಇದು ಹಾಸ್ಯಕ್ಕಿಂತ ವ್ಯಥೆಯ ಮಾತು. ನಾಯಿಗೆ ಕೂರಲು ಪುರಸೊತ್ತಿಲ್ಲದಂತೆ ಮಾಡಿದವನು ಮನುಷ್ಯನೇ. ಅದರ ಕೆಲಸವನ್ನು ಕಸಿದುಕೊಂಡವನೂ ಅವನೇ. ದೊಡ್ಡ ನಾಯಿಗಳ ಒಂದೊಂದು ತಳಿಯೂ ಒಂದೊಂದು ದುಡಿಮೆಗಾಗಿ ತಲೆಮಾರುಗಳ ಕಾಲ ಆಯ್ದು ಬೆಳೆಸಿದ್ದು. ಲ್ಯಾಬ್ರಡಾರಿನ ಪೂರ್ವಜರು ನ್ಯೂಫೌಂಡ್‌ಲೆಂಡ್ ದ್ವೀಪದ ಬೆಸ್ತರೊಡನೆ ತಣ್ಣೀರಿನಲ್ಲಿ ಈಜಿ ಬಲೆಯೆಳೆದವು. ಜರ್ಮನ್ ಷೆಫರ್ಡ್ ಕುರಿಮಂದೆಯ ಸುತ್ತ ದಿನವಿಡೀ ಓಡಾಡುತ್ತಿದ್ದ ನಾಯಿಗಳಿಂದ ರೂಪುಗೊಂಡ ತಳಿ. ಸೈಬೀರಿಯದ ಹಸ್ಕಿಯು ಹಿಮದ ಮೇಲೆ ದೂರದೂರಕ್ಕೆ ಬಂಡಿಯೆಳೆದದ್ದು. ಅಷ್ಟು ದೂರ ಹೋಗುವುದೇಕೆ? ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನೇ ನೋಡಬಹುದು.

ಹಿಂದೆ ಘೋರ್ಪಡೆ ಮನೆತನದ ಸಂಸ್ಥಾನವಾಗಿದ್ದ ಮುಧೋಳದ ಸೀಮೆಯಲ್ಲಿ ಬೆಳೆದ ಈ ನಾಯಿ ಭುಜದ ಬಳಿ ಎರಡಡಿಗೂ ಮೀರಿ ಎತ್ತರ ನಿಲ್ಲುತ್ತದೆ. ಉದ್ದನೆಯ ಮೋರೆ, ಆಳವಾದ ಎದೆಗೂಡು, ಹಿಂದಕ್ಕೆ ಸೆಳೆದುಕೊಂಡ ಹೊಟ್ಟೆ, ಬಿಲ್ಲಿನಂತೆ ಬಾಗುವ ಬೆನ್ನು: ಎಲ್ಲವೂ ಓಟಕ್ಕಾಗಿಯೇ ಅಳವಟ್ಟ ಅಂಗಗಳು. ವಾಸನೆಗಿಂತ ಹೆಚ್ಚಾಗಿ ನೋಟವನ್ನು ನಂಬಿ ಬೇಟೆಯಾಡುವ ಜಾತಿಯದು. ಬಯಲಿನಲ್ಲಿ ಮೊಲ ಕಣ್ಣಿಗೆ ಬಿದ್ದೊಡನೆ ಕಾಲು ತಾನಾಗಿ ಹೊರಡಬೇಕು. ಅದರ ಶರೀರಕ್ಕೆ ಕಲಿಸಿದ ಪಾಠ ಅದು. 1972ರ ವನ್ಯಜೀವಿ ಸಂರಕ್ಷಣಾ ಕಾನೂನಿನಿಂದ ಮೊಲದ ಬೇಟೆ ನಿಷಿದ್ಧವಾಯಿತು. ಅದು ನ್ಯಾಯವೂ ಹೌದು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಈ ತಳಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. ಕೀರ್ತಿ ಬೆಳೆಯಿತು, ಮರಿಗಳು ನಗರಗಳಿಗೆ ಹೋದುವು. ಆದರೆ ಕೆಲಸ ಹೋಯಿತೆಂದು ಕಾಲುಗಳಿಗೆ ಯಾರೂ ತಿಳಿಸಲಿಲ್ಲ. ಮೂರಡಿಯ ಓಣಿಯಲ್ಲಿ ನಿಂತ ಮುಧೋಳದ ನಾಯಿ ಗೇಟಿನ ಸಂದಿಯಿಂದ ಹಾದುಹೋಗುವ ಪ್ರತಿಯೊಂದು ಬೈಸಿಕಲ್ಲನ್ನೂ ಬೆಕ್ಕನ್ನೂ ನೋಡುತ್ತದೆ. ನೋಡಿದಾಗಲೆಲ್ಲ ಮೈ ಹೊರಡುತ್ತದೆ. ಹೊರಟಾಗಲೆಲ್ಲ ಕಬ್ಬಿಣ ಅಡ್ಡಬರುತ್ತದೆ.

ಹೀಗೆ ದಿನದಿನವೂ ತಡೆಹಿಡಿದ ಚೈತನ್ಯ ಎಲ್ಲಿಗಾದರೂ ಹೋಗಲೇಬೇಕಷ್ಟೆ. ಅದು ಒಂದೇ ಜಾಡಿನಲ್ಲಿ ಹಿಂದೆ ಮುಂದೆ ತಿರುಗುವ ಚಟವಾಗಬಹುದು. ಮುಂಗಾಲನ್ನು ಹುಣ್ಣಾಗುವವರೆಗೆ ನೆಕ್ಕುವ ಅಭ್ಯಾಸವಾಗಬಹುದು. ಬಾಗಿಲ ಚೌಕಟ್ಟನ್ನು ಕಡಿಯುವುದು, ಹೊತ್ತುಗೊತ್ತಿಲ್ಲದೆ ಬೊಗಳುವುದು, ಜೊತೆಯ ನಾಯಿಯ ಮೇಲೆ ಎರಗುವುದು ಆಗಬಹುದು. ಆಗ ಮನೆಯವರು ನಾಯಿಯನ್ನು ತುಂಟನೆನ್ನುತ್ತಾರೆ, ಗದರುತ್ತಾರೆ, ಕೊನೆಗೆ ಕಟ್ಟಿಹಾಕುತ್ತಾರೆ. ಕಟ್ಟಿದ್ದರಿಂದ ಕೆರಳಿಕೆ ಇನ್ನಷ್ಟು ಏರುತ್ತದೆ. ಮಹಾಭಾರತದ ಆದಿಪರ್ವದಲ್ಲಿ ಸರಮೆಯೆಂಬ ದೇವಶುನಿಯ ಕಥೆಯುಂಟು. ಅವಳ ಮಗನು ಜನಮೇಜಯನ ಯಜ್ಞಭೂಮಿಗೆ ಹೋಗಿದ್ದಾಗ, ಹವಿಸ್ಸನ್ನು ಮುಟ್ಟದಿದ್ದರೂ ನೋಡದಿದ್ದರೂ ರಾಜನ ತಮ್ಮಂದಿರು ಅವನನ್ನು ಹೊಡೆದರು. ತಪ್ಪಿಲ್ಲದವನನ್ನು ಹೊಡೆದಿರೇಕೆಂದು ಸರಮೆ ಕೇಳಿದಳು, ಉತ್ತರ ಬರಲಿಲ್ಲ, ಶಾಪ ಬಂದಿತು. ಇಕ್ಕಟ್ಟಿನಿಂದ ಕೆಟ್ಟ ನಾಯಿಯನ್ನು ದಂಡಿಸುವ ಮನೆಯಲ್ಲಿಯೂ ಅದೇ ಪ್ರಶ್ನೆ ಉತ್ತರವಿಲ್ಲದೆ ನಿಂತಿರುತ್ತದೆ. ತಪ್ಪು ನಾಯಿಯದಲ್ಲ, ಅದನ್ನು ಅಲ್ಲಿಗೆ ತಂದು ನಿಲ್ಲಿಸಿದ ಏರ್ಪಾಡಿನದು.

ಈ ವಿಷಯವನ್ನು ಕಾನೂನು ಕಾಣದೆ ಇಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ 1960ರ ಭಾರತೀಯ ಕಾನೂನಿನ 11ನೆಯ ವಿಧಿಯು, ಹೊಡೆಯುವುದನ್ನು ಮಾತ್ರವೇ ಕ್ರೌರ್ಯವೆಂದು ಎಣಿಸುವುದಿಲ್ಲ. ಮೈ ಅಲುಗಿಸಲು ಎಡೆಯಿಲ್ಲದ ಗೂಡಿನಲ್ಲಿ ಕೂಡಿಡುವುದು, ತೀರ ಗಿಡ್ಡವಾದ ಅಥವಾ ತೀರ ಭಾರವಾದ ಸರಪಣಿಯಲ್ಲಿ ಬಹಳ ಹೊತ್ತು ಕಟ್ಟುವುದು, ಸದಾ ಕಟ್ಟಿರುವ ಅಥವಾ ಕೂಡಿಟ್ಟಿರುವ ನಾಯಿಗೆ ತಕ್ಕ ವ್ಯಾಯಾಮವನ್ನು ಮಾಡಿಸದಿರುವುದು, ಇವೆಲ್ಲವೂ ಅಲ್ಲಿ ಕ್ರೌರ್ಯವೇ. ಓಡಾಡಿಸದಿರುವುದೂ ಅಪರಾಧವೆಂಬ ಈ ಮಾತು ಬಹು ಮನೆಗಳಿಗೆ ತಿಳಿಯದು. ಆದರೆ ಮೊದಲ ಅಪರಾಧಕ್ಕೆ ಆ ಕಾನೂನು ಗೊತ್ತುಮಾಡಿದ ದಂಡ 10 ರೂಪಾಯಿಯಿಂದ 50 ರೂಪಾಯಿ. ಅಂಥ ದಂಡಕ್ಕೆ ಹೆದರಿ ಯಾರೂ ಬೆಳಗಿನ ನಿದ್ದೆಯನ್ನು ಬಿಟ್ಟೇಳುವುದಿಲ್ಲ. ಜರ್ಮನಿಯ 2001ರ ನಿಯಮಾವಳಿ ಅಳತೆಯನ್ನೇ ಹೇಳುತ್ತದೆ: ಭುಜದೆತ್ತರ 65 ಸೆಂಟಿಮೀಟರಿಗೆ ಮೀರಿದ ನಾಯಿಯ ಗೂಡಿಗೆ ಕಡಮೆಯೆಂದರೆ 10 ಚದರ ಮೀಟರು ನೆಲ, ಜೊತೆಗೆ ಸೇರುವ ಪ್ರತಿಯೊಂದು ನಾಯಿಗೂ ಅದರ ಅರ್ಧ. ಅಂತೆಯೇ ಮೂರು ಮುಧೋಳದ ನಾಯಿಗಳಿಗೆ 20 ಚದರ ಮೀಟರು, ಎಂದರೆ ಸುಮಾರು 215 ಚದರಡಿ ಬೇಕಾಗುತ್ತದೆ. ಅಷ್ಟೂ ಇದ್ದಮೇಲೂ ಗೂಡಿನ ಹೊರಗೆ ಸಾಕಷ್ಟು ಓಡಾಟ ದೊರೆಯತಕ್ಕದ್ದೆಂದು ಆ ನಿಯಮ ಬೇರೆಯಾಗಿ ವಿಧಿಸುತ್ತದೆ. ನೆಲದ ಅಳತೆ ಎಷ್ಟೇ ಉದಾರವಾಗಿದ್ದರೂ ಅದೊಂದರಿಂದಲೇ ಕರ್ತವ್ಯ ತೀರದೆಂಬುದು ಇದರ ತಾತ್ಪರ್ಯ.

ಇಲ್ಲಿಯೇ ವಿಷಯದ ಮರ್ಮವಿದೆ. ಚಿಕ್ಕ ಮನೆ ತಾನಾಗಿ ಪಾಪವಲ್ಲ. ದೊಡ್ಡ ಮನೆ ತಾನಾಗಿ ಪುಣ್ಯವೂ ಅಲ್ಲ. ಹತ್ತು ಎಕರೆ ತೋಟದ ನಡುವೆ ಮಾವಿನ ಮರಕ್ಕೆ ಬಿಗಿದ ನಾಯಿಗೆ ಆ ಹತ್ತು ಎಕರೆಯಲ್ಲಿ ಸಲ್ಲುವುದು ಸರಪಣಿಯ ಉದ್ದ ಮಾತ್ರ. ಎರಡು ಕೋಣೆಯ ಬಾಡಿಗೆ ಮನೆಯ ನಾಯಿ ಬೆಳಗ್ಗೆ ಕೆರೆಯ ಏರಿಯ ಮೇಲೆ ಓಡಿ, ಸಂಜೆ ಮತ್ತೆ ತಿರುಗಾಡಿ, ಮಿಕ್ಕ ಹೊತ್ತು ಯಜಮಾನನ ಕಾಲಬಳಿ ಮಲಗಿದ್ದರೆ ಅದು ತೋಟದ ನಾಯಿಗಿಂತ ಶ್ರೀಮಂತ. ಬೆಳೆದ ನಾಯಿ ದಿನದ ಅರ್ಧದಷ್ಟು ಹೊತ್ತನ್ನು ನಿದ್ದೆಯಲ್ಲಿಯೇ ಕಳೆಯುತ್ತದೆ. ದಣಿದು ಮಲಗುವುದಕ್ಕೆ ಅದಕ್ಕೆ ಚಾಪೆಯಷ್ಟು ಜಾಗ ಸಾಕು. ಆದರೆ ದಣಿಯುವುದಕ್ಕೆ ಬಯಲು ಬೇಕು, ಬಯಲಿಗೆ ಕರೆದೊಯ್ಯುವ ಮನುಷ್ಯ ಬೇಕು, ಆ ಮನುಷ್ಯನಿಗೆ ಬಿಡುವು ಬೇಕು. ಆದುದರಿಂದ ನಾಯಿಯ ಮನೆಯನ್ನು ಅಡಿಗಳಿಂದ ಅಳೆಯುವುದಕ್ಕಿಂತ ಗಂಟೆಗಳಿಂದ ಅಳೆಯುವುದು ನ್ಯಾಯ.

ಈ ಅಳತೆಯಿಂದ ನೋಡಿದಾಗ ಸಂಖ್ಯೆಯ ಪ್ರಶ್ನೆ ಬೇರೆ ರೂಪವನ್ನು ತಾಳುತ್ತದೆ. ಚಟುವಟಿಕೆಯ ದೊಡ್ಡ ನಾಯಿಯೊಂದಕ್ಕೆ ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಎಂದು ಕಡಮೆಯಾಗಿಯೇ ಹಿಡಿಯೋಣ. ಮೂರನ್ನೂ ಒಬ್ಬನೇ ಒಮ್ಮೆಗೆ ಹಿಡಿದುಕೊಂಡು ಹೋಗುವೆನೆಂದರೆ, ಮೂವತ್ತು ಕಿಲೋ ತೂಗುವ ಮೂರು ಪ್ರಾಣಿಗಳು ಒಂದೇ ಕಡೆಗೆ ಎಳೆದಾಗ ಯಾರು ಯಾರನ್ನು ಕರೆದೊಯ್ಯುತ್ತಾರೆಂಬುದು ಬೀದಿಗೇ ತಿಳಿಯುತ್ತದೆ. ಒಂದೊಂದಾಗಿ ಕರೆದೊಯ್ದರೆ ದಿನಕ್ಕೆ ಮೂರು ಗಂಟೆ. ಮಳೆಯಲ್ಲಿಯೂ, ಮದುವೆ ಮುಂಜಿಗಳ ದಿನದಲ್ಲಿಯೂ, ಮೈ ಸರಿಯಿಲ್ಲದಾಗಲೂ, ಹತ್ತು ಹನ್ನೆರಡು ವರ್ಷಗಳವರೆಗೆ. ಇದಲ್ಲದೆ ನಾಯಿಗಳ ಪರಸ್ಪರ ಸಂಬಂಧದ ಲೆಕ್ಕ ಬೇರೆಯುಂಟು. ಎರಡು ನಾಯಿಗಳ ನಡುವೆ ಇರುವ ಸಂಬಂಧ ಒಂದು, ಮೂರಾದರೆ ಮೂರು, ನಾಲ್ಕಾದರೆ ಆರು, ಐದಾದರೆ ಹತ್ತು. ಈ ಪ್ರತಿಯೊಂದು ಜೋಡಿಯಲ್ಲಿಯೂ ತಟ್ಟೆಯ ಜಗಳ, ಜಾಗದ ಜಗಳ, ಯಜಮಾನನ ಪ್ರೀತಿಯ ಜಗಳ ಹುಟ್ಟಬಹುದು. ಬಯಲಿನಲ್ಲಿ ಸೋತ ನಾಯಿ ದೂರ ಸರಿದು ಜಗಳವನ್ನು ಮುಗಿಸುತ್ತದೆ. ಇಕ್ಕಟ್ಟಿನಲ್ಲಿ ಸರಿಯುವುದಕ್ಕೆ ಎಡೆಯಿಲ್ಲದೆ ಕಚ್ಚುತ್ತದೆ. ನಾಯಿಗೆ ಜೊತೆ ಬೇಕೆಂದು ಎರಡನೆಯದನ್ನು ತರುವವರು ಇದನ್ನು ಮನಸ್ಸಿನಲ್ಲಿಡಬೇಕು. ಬೇಸರಪಟ್ಟ ಒಂದು ನಾಯಿಗೆ ಇನ್ನೊಂದನ್ನು ಜೊತೆಮಾಡಿದರೆ ಹಲವು ಸಲ ಉಳಿಯುವುದು ಬೇಸರಪಟ್ಟ ಎರಡು ನಾಯಿಗಳು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಬೀದಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುವುದಕ್ಕಿಂತ ತಾರಸಿಯ ಮೇಲೆ ಇಕ್ಕಟ್ಟಿನಲ್ಲಾದರೂ ಬದುಕುವುದು ಮೇಲಲ್ಲವೆ ಎಂಬುದು ಮೊದಲನೆಯದು. ಈ ಮಾತಿನಲ್ಲಿ ಬಲವಿದೆ. ಇದನ್ನು ಆಡುವವರು ಅನೇಕ ಸಲ ಸುಮ್ಮನೆ ಟೀಕಿಸುವವರಿಗಿಂತ ಹೆಚ್ಚು ಮಾಡಿರುತ್ತಾರೆ. ಆದರೆ ಬೀದಿಯ ಕಷ್ಟವನ್ನು ಅಳತೆಗೋಲಾಗಿ ಹಿಡಿದರೆ ಯಾವ ಸೆರೆಯೂ ಸ್ವರ್ಗವೆನಿಸೀತು. ಅಲ್ಲದೆ ಐದನೆಯದನ್ನು ಕಾಪಾಡಿದ ಪುಣ್ಯದ ಬೆಲೆಯನ್ನು ತೆರುವುದು ಕಾಪಾಡಿದವನೊಬ್ಬನೇ ಅಲ್ಲ. ಮೊದಲಿನ ನಾಲ್ಕೂ ತಮ್ಮ ಪಾಲಿನ ಹೊತ್ತನ್ನೂ ನೆಲವನ್ನೂ ಬಿಟ್ಟುಕೊಡುತ್ತವೆ. ಅವುಗಳ ಒಪ್ಪಿಗೆಯನ್ನು ಯಾರೂ ಕೇಳಿರುವುದಿಲ್ಲ. ಪರರ ಬುತ್ತಿಯಿಂದ ಮಾಡಿದ ದಾನಕ್ಕೆ ಹಿಗ್ಗುವುದು ಸರಿಯಲ್ಲ. ಮರಿಯನ್ನು ತಂದು ಸೇರಿಸದೆ, ಅದಕ್ಕೆ ಲಸಿಕೆ ಹಾಕಿಸಿ, ಬೇರೆ ಒಳ್ಳೆಯ ಮನೆಯನ್ನು ಹುಡುಕಿಕೊಡುವುದೂ ಕರುಣೆಯೇ. ಕರುಣೆ ಎಂದರೆ ಸ್ವಾಮ್ಯ ಎಂದೇನೂ ಅಲ್ಲ.

ಸಂಖ್ಯೆಯನ್ನು ಸರಕಾರವೇ ಗೊತ್ತುಮಾಡಿಬಿಡಲಿ ಎಂಬುದು ಇನ್ನೊಂದು ಪಕ್ಷ. 2018ರಲ್ಲಿ ಬೆಂಗಳೂರಿನ ಮಹಾನಗರಪಾಲಿಕೆಯು ಫ್ಲ್ಯಾಟಿಗೆ ಒಂದು, ಪ್ರತ್ಯೇಕ ಮನೆಗೆ ಮೂರು ನಾಯಿಗಳೆಂಬ ಮಿತಿಯನ್ನು ತರಲು ಹೊರಟಾಗ ಪ್ರಾಣಿಪ್ರಿಯರ ವಿರೋಧ ಪ್ರಬಲವಾಗಿ ಎದ್ದಿತು, ನಿಯಮವು ತಡೆಹಿಡಿಯಲ್ಪಟ್ಟಿತು. ವಿರೋಧಿಸಿದವರ ವಾದದಲ್ಲಿ ಸತ್ಯವಿತ್ತು: ದುಡಿದು ದಣಿಯುವ ಮೂರು ನಾಯಿಗಳ ಮನೆಯನ್ನೂ ಕೊಳೆಯುವ ಒಂದೇ ನಾಯಿಯ ಮನೆಯನ್ನೂ ಅಂಕೆಯೊಂದೇ ಬೇರ್ಪಡಿಸಲಾರದು. ಆದರೆ ಸರಕಾರದ ಮಿತಿ ತಪ್ಪಾದೊಡನೆ ಮಿತಿಯೇ ಬೇಡವೆಂದಾಗುವುದಿಲ್ಲ. ಹೊರಗಿನ ಕಾನೂನು ಹಾಕಲಾರದ ಗೆರೆಯನ್ನು ಒಳಗಿನ ವಿವೇಕ ಹಾಕಿಕೊಳ್ಳಬೇಕಾಗುತ್ತದೆ. ನೆರೆಹೊರೆಯವರ ನಿದ್ದೆ, ಮೆಟ್ಟಿಲಲ್ಲಿ ಎದುರಾಗುವ ಮಗುವಿನ ಅಂಜಿಕೆ, ಓಣಿಯ ಶುಚಿ, ಇವೂ ಆ ವಿವೇಕದ ಲೆಕ್ಕದಲ್ಲಿ ಸೇರತಕ್ಕವು.

ಆದರೆ ನಾಯಿಗಳು ಆಗಲೇ ಮನೆಯಲ್ಲಿದ್ದರೆ? ಮುಖ್ಯ ಸಂಕಟ ಇದು. ಧರ್ಮರಾಯನು ಮಹಾಪ್ರಸ್ಥಾನದ ಕೊನೆಯಲ್ಲಿ, ಜೊತೆಗೆ ನಡೆದುಬಂದ ನಾಯಿಯನ್ನು ಬಿಟ್ಟು ಇಂದ್ರನ ರಥವನ್ನೇರಲು ಒಪ್ಪಲಿಲ್ಲ. ಭಕ್ತನನ್ನು ತ್ಯಜಿಸುವುದು ಮಹಾಪಾಪವೆಂಬುದು ಅವನ ನಿಲುವು. ಆ ಕಥೆಯಿಂದ ಹಲವು ನಾಯಿಗಳನ್ನು ಕೂಡಿಹಾಕುವುದಕ್ಕೆ ಸಮರ್ಥನೆ ಹುಟ್ಟುವುದಿಲ್ಲ; ಒಮ್ಮೆ ನಂಬಿ ಬಂದದ್ದನ್ನು ಕೈಬಿಡಲಾಗದೆಂಬ ಕಟ್ಟು ಹುಟ್ಟುತ್ತದೆ. ತರುವುದಕ್ಕೆ ಮುಂಚೆ ಮನುಷ್ಯನು ಸ್ವತಂತ್ರ: ಬೇಡವೆನ್ನಬಹುದು, ಅದರಲ್ಲಿ ದೋಷವಿಲ್ಲ. ತಂದಮೇಲೆ ಆ ಸ್ವಾತಂತ್ರ್ಯ ಹೋಯಿತು. ಬೇಡವೆನ್ನಬೇಕಾದ ದಿನ ಮೃದುವಾಗಿದ್ದು, ಬಿಡಬಾರದ ದಿನ ಕಠಿನರಾಗುವವರು ಧರ್ಮವನ್ನು ತಲೆಕೆಳಗುಮಾಡುತ್ತಾರೆ. ಊರಾಚೆಯ ಹೆದ್ದಾರಿಯ ಬದಿಯಲ್ಲಿ ಕೊರಳಪಟ್ಟಿಯ ಗುರುತು ಮಾಸದೆ ಅಲೆಯುವ ತಳಿನಾಯಿಗಳು ಇದಕ್ಕೆ ಸಾಕ್ಷಿ.

ಹಾಗಾದರೆ ಇಕ್ಕಟ್ಟಿನಲ್ಲಿಯೂ ನಡೆಸಬೇಕಾದ ಪಾಲನೆಯ ಕ್ರಮವೇನು? ಮೊದಲನೆಯದು, ಇನ್ನು ಹೆಚ್ಚದಂತೆ ನೋಡಿಕೊಳ್ಳುವುದು. ಗಂಡು ಹೆಣ್ಣು ಕೂಡಿರುವ ಮನೆಯಲ್ಲಿ ಸಂತಾನಹರಣ ಚಿಕಿತ್ಸೆ ಮಾಡಿಸದಿರುವುದು ಮೂರನ್ನು ಹತ್ತು ಮಾಡುವ ದಾರಿ. ಎರಡನೆಯದು, ಇರುವ ಸ್ಥಳವನ್ನು ಹೊತ್ತಿನಿಂದ ಹಿಗ್ಗಿಸುವುದು: ಎಲ್ಲವನ್ನೂ ಸದಾ ಒಂದೆಡೆ ಬಿಡದೆ, ಒಂದು ನಡುಮನೆಯಲ್ಲಿದ್ದಾಗ ಒಂದು ತಾರಸಿಯಲ್ಲಿ, ಒಂದು ಹೊರಗೆ ತಿರುಗಾಟದಲ್ಲಿ ಎಂದು ಸರದಿ ಹಾಕಿದರೆ ಒಂದೊಂದಕ್ಕೂ ಇಡೀ ಮನೆ ಸಿಕ್ಕಿದಂತಾಗುತ್ತದೆ. ಊಟವನ್ನು ಬೇರೆ ಬೇರೆ ಕೋಣೆಯಲ್ಲಿ ಇಡುವುದು, ಪ್ರತಿಯೊಂದಕ್ಕೂ ತನ್ನದೇ ಆದ ಮೂಲೆಯನ್ನು ಕೊಡುವುದು ಜಗಳವನ್ನು ತಗ್ಗಿಸುತ್ತದೆ. ತಗಡು ಹೊದಿಸಿದ ತಾರಸಿ ಬೇಸಗೆಯಲ್ಲಿ ಕಾವಲಿಯಂತಾಗುವುದು; ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ, ಬಾಯಿತೆರೆದು ಏದುಸಿರಿನಿಂದಲೇ ತಣಿಯಬೇಕು; ಆದುದರಿಂದ ನೆರಳು, ಗಾಳಿ, ನೀರು ಇಲ್ಲದ ತಾರಸಿಯನ್ನು ಜಾಗವೆಂದು ಲೆಕ್ಕಿಸಲಾಗದು. ಕಾಲಿಗೆ ಕೊಡಲಾಗದ ದುಡಿಮೆಯ ಒಂದು ಪಾಲನ್ನು ಮೂಗಿಗೂ ಬುದ್ಧಿಗೂ ಕೊಡಬಹುದು: ಅಡಗಿಸಿಟ್ಟ ತುಂಡನ್ನು ಹುಡುಕಿಸುವುದು, ಕರೆದಾಗ ಬರುವುದನ್ನೂ ನಿಲ್ಲೆಂದಾಗ ನಿಲ್ಲುವುದನ್ನೂ ಅಭ್ಯಾಸ ಮಾಡಿಸುವುದು. ಮತ್ತು ಈ ಶ್ರಮ ಮನೆಯ ಹೆಂಗಸೊಬ್ಬಳ ತಲೆಗೇ ಬೀಳದಂತೆ ಹಂಚಿಕೊಳ್ಳುವುದು. ಮರಿ ಬೇಕೆಂದು ಹಟಮಾಡಿದವರು ಶಾಲೆಗೋ ಕಚೇರಿಗೋ ಹೋದಮೇಲೆ ಮೂರು ನಾಯಿಗಳೊಡನೆ ಉಳಿಯುವವಳು ಆಕೆ. ಆಕೆಯ ಒಪ್ಪಿಗೆಯಿಲ್ಲದೆ ಬಂದ ನಾಯಿಯ ವಿಷಯದಲ್ಲಿ ಎರಡು ಜೀವಗಳಿಗೆ ಅನ್ಯಾಯವಾಗಿದೆ.

ಇಷ್ಟೆಲ್ಲ ಮಾಡಿದರೂ ಸಾಲದೆ, ಒಂದನ್ನು ಬೇರೆ ಮನೆಗೆ ಕೊಡಬೇಕಾಗಿ ಬಂದರೆ ಅದು ತ್ಯಾಗವೋ ಪರಿತ್ಯಾಗವೋ? ಇದಕ್ಕೆ ಕನ್ನಡ ನಾಡಿನ ಹಳೆಯ ಕಲ್ಲೊಂದು ದಾರಿತೋರುವಂತಿದೆ. 949ರ ತಕ್ಕೋಲದ ಕಾಳಗದಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೂ ಗಂಗರ ಬೂತುಗನೂ ಚೋಳರನ್ನು ಗೆದ್ದರು. ಬೂತುಗನ ಅನುಚರನಾದ ಮಣಲೆರನ ಶೌರ್ಯಕ್ಕೆ ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಆ ವೀರನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತುವು. ಮಣಲೆರನು ಆತಕೂರಿನ ದೇವಾಲಯದ ಎದುರಿಗೆ ಕಲ್ಲು ನಿಲ್ಲಿಸಿ ಅದಕ್ಕೆ ಭೂಮಿಯನ್ನು ಬಿಟ್ಟನು. ಮಂಡ್ಯ ಜಿಲ್ಲೆಯ ಆತಕೂರಿನ ಆ ಶಾಸನ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಒಡೆಯನು ಕಾಳಿಯನ್ನು ಕೊಟ್ಟನೆಂದು ಯಾರೂ ಅವನನ್ನು ನಿಂದಿಸಿಲ್ಲ. ಏಕೆಂದರೆ ಅವನು ಅದನ್ನು ಬೇಡವೆಂದು ತಳ್ಳಲಿಲ್ಲ. ಬೇಕೆಂದು ಕೇಳಿದವನಿಗೆ, ಅದರ ಗುಣವನ್ನರಿತವನಿಗೆ ಕೊಟ್ಟನು.

ಇದೇ ಒರೆಗಲ್ಲು. ಕೊಡುವವನಿಗೆ ನೋವಾಗಿ ನಾಯಿಗೆ ಹಿತವಾದರೆ ಅದು ದಾನ. ಕೊಡುವವನಿಗೆ ಹಗುರವಾಗಿ ನಾಯಿಗೆ ಅಹಿತವಾದರೆ ಅದು ಕೈಬಿಡುವಿಕೆ. ಹೊಸ ಮನೆಯ ಅಂಗಳವನ್ನೂ ಅಲ್ಲಿಯವರ ಬಿಡುವನ್ನೂ ಕಣ್ಣಾರೆ ಕಂಡು, ಹೊಂದದಿದ್ದರೆ ಮರಳಿ ತೆಗೆದುಕೊಳ್ಳುವೆವೆಂದು ಮಾತುಕೊಟ್ಟು ಒಪ್ಪಿಸುವವರು ಮೊದಲನೆಯ ಪಕ್ಷದವರು. ನೂರು ಹರದಾರಿಯಾಚೆಗೆ ಯಾರೋ ಒಯ್ದರು, ಮುಂದೇನಾಯಿತೋ ತಿಳಿಯದು ಎನ್ನುವವರು ಎರಡನೆಯವರು. ಅಗಲುವ ನೋವಿಗೆ ಅಂಜಿ ಮೂರನ್ನೂ ಇಕ್ಕಟ್ಟಿನಲ್ಲಿಯೇ ಉಳಿಸಿಕೊಳ್ಳುವುದಕ್ಕೂ ಪ್ರೀತಿಯೆಂಬ ಹೆಸರು ಸಲ್ಲುತ್ತದೆ. ಆದರೆ ಅದು ತನ್ನ ಮೇಲಿನ ಪ್ರೀತಿ.

ನಾಯಿಗೆ ಮನೆಯನ್ನು ಆರಿಸಿಕೊಳ್ಳುವ ಹಕ್ಕಿಲ್ಲ. ಸಂಜೆ ಬಾಗಿಲು ತೆರೆದಾಗ ಆ ದಿನ ತನಗೆ ಏನೂ ಸಲ್ಲದಿದ್ದರೂ ಬಾಲವಲ್ಲಾಡಿಸಿಕೊಂಡೇ ಎದುರುಗೊಳ್ಳುತ್ತದೆ. ದೂರುವುದನ್ನರಿಯದ ಸಾಲಗಾರನ ಸಾಲವನ್ನು ತೀರಿಸುವುದರಲ್ಲಿಯೇ ಗೃಹಸ್ಥನ ಪ್ರಾಮಾಣಿಕತೆ ಕಾಣುವುದು. ಆದುದರಿಂದ ಇನ್ನೊಂದು ಮರಿಯನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಕೇಳಿಕೊಳ್ಳತಕ್ಕ ಪ್ರಶ್ನೆ, ಮನೆಯಲ್ಲಿ ಜಾಗವಿದೆಯೇ ಎಂಬುದಷ್ಟೇ ಅಲ್ಲ. ಈಗ ಇರುವವುಗಳಿಗೆ ಸಲ್ಲಬೇಕಾದ ಹೊತ್ತು ಈ ದಿನ ಸಂದಿದೆಯೇ ಎಂಬುದು. ಸಂದಿದ್ದರೆ ಚಿಕ್ಕ ಮನೆಯೂ ಸಾಕಾದೀತು. ಸಲ್ಲದಿದ್ದರೆ ಅರಮನೆಯೂ ಸಾಲದು.